ಸೊನ್ನೆ ಪಾಯಿಂಟ್ ಆರು

ಭಾನುವಾರ ಬೆಳಿಗ್ಗೆ, ಕುಕ್ಕರಿನ ಎರಡನೇ ಸೀಟಿಗೂ ಮೂರನೇ ಸೀಟಿಗೂ ನಡುವೆ, ರೇಣು ತನ್ನ ಒಂಬತ್ತು ವರ್ಷದ ಕೆಲಸದಲ್ಲಿ ಕೊನೆಯ ಎರಡು ತಿಂಗಳದ್ದನ್ನು ಬಿಟ್ಟು ಉಳಿದದ್ದನ್ನೆಲ್ಲ ಅಳಿಸಿ ಹಾಕಿದ್ದಳು. ಅವಸರದಲ್ಲಿ ಅಳಿಸಿದ್ದಲ್ಲ. ಅವಸರದಲ್ಲಿ ಅಳಿಸಲಿಕ್ಕೆ ಅವಳು ಪ್ರೋಗ್ರಾಮು ಏರಿಸಿಟ್ಟಿದ್ದ ಜಾಲತಾಣ ಬಿಡುವುದೂ ಇಲ್ಲ. ಅಳಿಸಿದ್ದು ಮರಳಿ ಬಾರದು, ಆ ಆವೃತ್ತಿಯ ಸಂಖ್ಯೆಯನ್ನು ನೀವು ಇನ್ನೆಂದೂ ಬಳಸಲಾಗದು, ಬೇಕಿದ್ದರೆ ಪಕ್ಕದ ಗುಂಡಿ ಒತ್ತಿ ಸುಮ್ಮನೆ ಹಿಂತೆಗೆದುಕೊಳ್ಳಿ, ಆಗ ಹೊಸಬರಿಗೆ ಕಾಣದಿದ್ದರೂ ಸಂಖ್ಯೆ ಹಿಡಿದು ಕೇಳಿದವರಿಗೆ ಸಿಗುತ್ತಿರುತ್ತದೆ ಎಂದೆಲ್ಲ ಕೆಂಪು ಅಕ್ಷರದಲ್ಲಿ ಬುದ್ಧಿ ಹೇಳಿ, ಅಷ್ಟಕ್ಕೂ ಹಟ ಬಿಡದವರಿಂದ ಅಳಿಸಬೇಕಾದ ಆವೃತ್ತಿಯ ಸಂಖ್ಯೆಯನ್ನು ಕೈಯಾರೆ ಬರೆಸಿಕೊಳ್ಳುತ್ತದೆ. ರೇಣು ಹನ್ನೊಂದು ಸಲ ಬರೆದಳು. ಕೊನೆಗೆ ಬರೆದದ್ದು ಸೊನ್ನೆ ಪಾಯಿಂಟ್ ಆರು. ಅದನ್ನು ಬರೆಯುವಾಗ ಮಾತ್ರ ಬೆರಳು ಸ್ವಲ್ಪ ತಡೆಯಿತು, ಯಾಕೆಂದರೆ ಮೂರು ವರ್ಷ ಒಂದೂ ದೂರು ಬರದಂತೆ ನಡೆದದ್ದು ಅದು. ಅಡುಗೆಮನೆಯಿಂದ ಅವ್ವ ತಿಪ್ಪವ್ವ, “ಸೀಟಿ ಎಷ್ಟಾದುವು ಏ?” ಎಂದು ಕೂಗಿದಳು. ರೇಣು ಮೂರು ಎಂದಳು. ಆಗಿದ್ದದ್ದು ಎರಡೇ, ಮಧ್ಯಾಹ್ನ ಬೇಳೆ ಹಲ್ಲಿಗೆ ಸಿಕ್ಕಿತು.

ಈಗ ಸೋಮವಾರ ಹನ್ನೆರಡೂವರೆಗೆ ಶಿವರುದ್ರಪ್ಪನವರ ಕಾರಿನಲ್ಲಿ ಕೂತು ಕಾರ್ಖಾನೆಯಿರುವ ಭೋಸರಿಯಿಂದ ಊರಿನ ಇನ್ನೊಂದು ತುದಿಯ ಹಿಂಜವಾಡಿಗೆ ಹೋಗುವಾಗ ಅವಳಿಗೆ ಆ ಬೇಳೆಯೇ ನೆನಪಾಗುತ್ತಿತ್ತು. ಬೇರೆಯದನ್ನು ನೆನೆಯಬಾರದೆಂದು ಮನಸ್ಸು ಬೇಳೆಯನ್ನು ಮುಂದೆ ಮಾಡುತ್ತಿತ್ತು. ಶಿವರುದ್ರಪ್ಪ ಅವಳ ಕಾರ್ಖಾನೆಯ ಮಾಲೀಕರು. ಗಿಯರುಗಳನ್ನು ತಿರುಗಿಸಿ, ಬಿಸಿ ಮಾಡಿ, ಸದ್ದು ಅಳೆದು, ಯಾವುದು ಎಷ್ಟು ದಿನ ಬಾಳುತ್ತದೆಂದು ಹೇಳುವ ಯಂತ್ರಗಳನ್ನು ಮಾಡುವವರು. ಆ ಯಂತ್ರದ ಲೆಕ್ಕಾಚಾರವನ್ನು ಲೋಕಕ್ಕೆಲ್ಲ ಮೊಬೈಲಿನಲ್ಲಿ ಕಾಣುವಂತೆ ಮಾಡಿಕೊಡುತ್ತೇವೆಂದು ಹಿಂಜವಾಡಿಯ ಒಂದು ಸಾಫ್ಟ್‌ವೇರ್ ಆಫೀಸು ಆರು ತಿಂಗಳ ಹಿಂದೆ ಒಪ್ಪಿಕೊಂಡಿತ್ತು. ಇವತ್ತು ನಾಲ್ಕು ಗಂಟೆಗೆ ಹೊರದೇಶದ ಗಿರಾಕಿಗಳಿಗೆ ತೋರಿಸುವುದಿತ್ತು. ಹನ್ನೊಂದಕ್ಕೆ ಅಲ್ಲಿಂದ ಫೋನು ಬಂತು. “ಏನೋ ಲೈಬ್ರರಿ ಮಾಯ ಆಗೇತಂತ ನೋಡವಾ,” ಎಂದರು ಶಿವರುದ್ರಪ್ಪ, ಸಿಗ್ನಲಿನಲ್ಲಿ ಕಾರು ನಿಂತಾಗ. “ನಿನ್ನೀತನಕ ಇತ್ತಂತ, ಇವತ್ತಿಲ್ಲಂತ. ಲೈಬ್ರರಿ ಹೆಂಗ ಮಾಯ ಆಗತದ? ನನಗೇನ್ ತಿಳೀಲಿಲ್ಲ. ಅವರ ಮಾತು ನಿನಗ ತಿಳೀತಾವು, ಅದಕ್ಕ ನಿನ್ನ ಕರಕೊಂಡು ಹೊಂಟೀನಿ.” ರೇಣು, “ಹೌದ್ರಿ ಸಾಹೇಬ್ರ,” ಎಂದಳು. ಕಿಟಕಿಯ ಆಚೆ ಒಬ್ಬಳು ಸ್ಕೂಟರಿನ ಮೇಲೆ ಕೂತೇ ಲಿಪ್‌ಸ್ಟಿಕ್ ಹಚ್ಚಿಕೊಳ್ಳುತ್ತಿದ್ದಳು. ಮಾಯವಾದದ್ದು ಯಾವುದೆಂದು ರೇಣುವಿಗೆ ಕೇಳದೆಯೇ ಗೊತ್ತಿತ್ತು, ಹೆದರಿಕೆಯೂ ಆಗಿತ್ತು. ಅಷ್ಟಾದರೂ, ಹೇಳಲು ನಾಚಿಕೆ, ಆ ಹೆದರಿಕೆಯ ನಡುವೆಯೇ ಎಲ್ಲೋ ಒಂದು ಕಡೆ ಬೆಚ್ಚಗೂ ಆಗಿತ್ತು. ತಾನು ಖಡಕಿಯ ಮನೆಯಲ್ಲಿ ಅಡುಗೆಮನೆಯ ಪಕ್ಕ ಕೂತು ಒಂದು ಗುಂಡಿ ಒತ್ತಿದ್ದಕ್ಕೆ ಹಿಂಜವಾಡಿಯ ಗಾಜಿನ ಕಟ್ಟಡವೊಂದು ನಿಂತುಬಿಟ್ಟಿದೆ.

ಆ ಲೈಬ್ರರಿಯ, ಎಂದರೆ ಬೇರೆಯವರು ತಮ್ಮ ಪ್ರೋಗ್ರಾಮಿಗೆ ಜೋಡಿಸಿಕೊಳ್ಳುವ ಸಿದ್ಧ ಕೋಡಿನ ಕಟ್ಟಿನ, ಹೆಸರು ಕೊಂಡಿ. ಅದನ್ನು ಬರೆದವಳು ರೇಣು. ಇದು ಕಾರ್ಖಾನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವಳ ಕುರ್ಚಿಗೆ ಅಲ್ಲಿ ಕಂಪ್ಯೂಟರ್ ಆಪರೇಟರ್ ಎಂದು ಹೆಸರು, ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ, ಯಾರದೋ ಪಾಸ್‌ವರ್ಡ್ ಮರೆತರೆ, ದೀಪಾವಳಿಗೆ ಗಿರಾಕಿಗಳ ವಿಳಾಸದ ಚೀಟಿ ಬೇಕಾದರೆ ಕರೆ ಬರುವುದು ಅವಳಿಗೆ. ಯಂತ್ರದ ಲೆಕ್ಕವನ್ನು ಮೂವತ್ತು ವರ್ಷದ ಹಿಂದೆ ಫೋರ್ಟ್ರಾನ್ ಎಂಬ ಹಳೆಯ ಭಾಷೆಯಲ್ಲಿ ಬರೆದವರು ಮೈಸೂರು ಕಡೆಯ ಶ್ರೀಕಂಠಯ್ಯನವರು. ಹದಿನೆಂಟು ಸಾವಿರ ಸಾಲು, ಒಂದನ್ನೂ ಮುಟ್ಟುವ ಧೈರ್ಯ ಯಾರಿಗೂ ಇಲ್ಲ. ನಿವೃತ್ತರಾಗುವ ವಾರ ಅವರು ರೇಣುವನ್ನು ಕರೆದು, “ನೋಡಮ್ಮ, ಇದನ್ನ ಈಗಿನ ಹುಡುಗರು ತಿದ್ದೋಕೆ ಬರ್ತಾರೆ, ಬಿಡಬೇಡ. ತಿದ್ದೋದು ಬೇಡ, ಮಾತಾಡಿಸಲಿ ಸಾಕು,” ಎಂದಿದ್ದರು. ಈಗಿನವರು ಬರೆಯುವುದು ಪೈಥಾನಿನಲ್ಲಿ. ಇದರ ಮಾತು ಅದಕ್ಕೆ ತಿಳಿಯದು, ಅದರ ಮಾತು ಇದಕ್ಕೆ ತಿಳಿಯದು. ರೇಣು ಮಧ್ಯಾಹ್ನದ ಊಟದ ಬಿಡುವಿನಲ್ಲಿ, ಸೆಕೆಂಡ್ ಶನಿವಾರಗಳಲ್ಲಿ, ಎರಡರ ನಡುವೆ ನಿಂತು ಒಂದು ಕೊಟ್ಟದ್ದನ್ನು ಇನ್ನೊಂದಕ್ಕೆ ದಶಾಂಶದ ಒಂದು ಅಂಕೆಯೂ ಬೀಳದಂತೆ ದಾಟಿಸುವ ಕೊಂಡಿಯನ್ನು ಬರೆದಳು. ಬರೆದು ಎಲ್ಲರೂ ಬಳಸಲೆಂದು ಜಾಲತಾಣಕ್ಕೆ ಏರಿಸಿದಳು. ಅಲ್ಲಿಂದ ಮುಂದಿನದು ಪಿಪ್ ಎಂಬ ಆಳಿನ ಕೆಲಸ. ಕಪ್ಪು ಪರದೆಯ ಮೇಲೆ ಒಂದು ಸಾಲು ಬರೆದು, ಕೊಂಡಿ ಬೇಕು ಎಂದರೆ ಸಾಕು, ಅದು ಹೋಗಿ ಹುಡುಕಿ ತಂದು ನಿಮ್ಮ ಯಂತ್ರದಲ್ಲಿ ಕೂಡಿಸುತ್ತದೆ. ಯಾವ ಆವೃತ್ತಿ ಎಂದು ಹೇಳದಿದ್ದರೆ ಹೊಸದನ್ನು ತರುತ್ತದೆ, ಇಂಥದ್ದೇ ಎಂದರೆ ಇಂಥದ್ದನ್ನೇ ತರುತ್ತದೆ. ಮೊದಲ ವರ್ಷ ಮೂವರು ತರಿಸಿಕೊಂಡರು. ಅದರಲ್ಲಿ ಇಬ್ಬರು ಸ್ವತಃ ರೇಣು, ಮನೆಯಿಂದ ಒಮ್ಮೆ, ಕಾರ್ಖಾನೆಯಿಂದ ಒಮ್ಮೆ. ಕಳೆದ ತಿಂಗಳು ತರಿಸಿಕೊಂಡವರು ನಲವತ್ತೊಂದು ಸಾವಿರ. ಬರೆದವರು ಯಾರು ಎಂಬಲ್ಲಿ ಅವಳು ಆರ್‌ಟಿ ಎಂದಷ್ಟೇ ಬರೆದಿದ್ದಳು, ಫೋಟೋದ ಜಾಗದಲ್ಲಿ ಬೂದು ಬಣ್ಣದ ಒಂದು ತಲೆ.

ಯಾರಿಗೂ ಹೇಳದೆ ಇರುವುದರಲ್ಲಿ ಒಂದು ರುಚಿ ಇತ್ತು, ಅದನ್ನು ಅವಳು ಒಂಬತ್ತು ವರ್ಷ ಚಪ್ಪರಿಸಿದಳು. ಆರು ತಿಂಗಳ ಹಿಂದೆ ಹಿಂಜವಾಡಿಯ ಮೊದಲ ಮೀಟಿಂಗಿನಲ್ಲಿ ಅಲ್ಲಿಯ ಟೀಮ್ ಲೀಡ್ ಪುನೀತ, ಹಾಸನದ ಕಡೆಯವನು, ಬೋರ್ಡಿನ ಮೇಲೆ ಎರಡು ಚೌಕ ಬರೆದು, ನಡುವೆ ಒಂದು ಗೆರೆ ಎಳೆದು, ಮಗುವಿಗೆ ಹೇಳುವ ಹಾಗೆ ನಿಧಾನವಾಗಿ, “ಇದು ನಿಮ್ಮ ಓಲ್ಡ್ ಕೋಡ್ ಮೇಡಂ, ಇದು ನಮ್ದು. ನಡುವೆ ಕೊಂಡಿ ಅಂತ ಒಂದು ಓಪನ್ ಸೋರ್ಸ್ ಲೈಬ್ರರಿ ಇದೆ. ಸೂಪರ್ ಆಗಿದೆ. ಹೆಸರು ಕನ್ನಡದ ಥರಾನೇ ಇದೆ ನೋಡಿ, ಫಿನ್‌ಲೆಂಡೋ ಜಪಾನೋ ಯಾವ್ದೋ ಭಾಷೇದಿರ್ಬೇಕು,” ಎಂದಿದ್ದ. ರೇಣು, “ಹೌದ್ರಿ? ಛಲೋ ಆತು ಬಿಡ್ರಿ,” ಎಂದು ತಲೆ ತಗ್ಗಿಸಿ ಚಹಾ ಕುಡಿದಳು. ಅವತ್ತು ಬಸ್ಸಿನಲ್ಲಿ ಖಡಕಿಯ ತನಕ ನಿಂತೇ ಹೋದರೂ ಕಾಲು ನೋಯಲಿಲ್ಲ. ಸೂಪರ್ ಆಗಿದೆ ಎಂಬ ಮಾತನ್ನು ಒಂದು ವಾರ ಅಗಿದಳು. ಸೊಕ್ಕು ಎಂದರೆ ಸೊಕ್ಕೇ ಸರಿ. ಮೂರನೇ ಇಯತ್ತೆಯಲ್ಲಿದ್ದಾಗ ಶಾಲೆಗೆ ಕರೆಸಿದ ಮರಾಠಿ ಬಾಯಿಯವರ, ಎಂದರೆ ಟೀಚರಮ್ಮನ, ಮುಂದೆ ಅವ್ವ ನಿಂತು, “ನನ್ನ ಮಗಳು ಶಾಣ್ಯಾಕಿ ಅದಾಳ್ರಿ, ಆದ್ರ ಸೊಕ್ಕು ಭಾಳ ಅದ, ನೀವ ಸ್ವಲ್ಪ ಇಳಸ್ರಿ,” ಎಂದಿದ್ದಳು. ಅವ್ವನಿಗೆ ಮರಾಠಿ ಬಾರದು, ಬಾಯಿಯವರಿಗೆ ಕನ್ನಡ ಬಾರದು, ನಡುವೆ ರೇಣು. ನಾನು ಜಾಣೆ ಇದ್ದೇನೆಂದು ಅವ್ವ ಹೇಳುತ್ತಾಳೆ ಎಂದು ಮರಾಠಿಯಲ್ಲಿ ಹೇಳಿ ಅವಳು ಅಷ್ಟಕ್ಕೇ ನಿಲ್ಲಿಸಿದಳು. ಬಾಯಿಯವರು, ಅಷ್ಟು ಉದ್ದ ಮಾತಿಗೆ ಇಷ್ಟೇನಾ ಎಂದು ಕೇಳಿ ನಕ್ಕರು. ಅವ್ವನೂ ಏನೋ ಒಳ್ಳೆಯದಾಯಿತೆಂದು ನಕ್ಕಳು. ಆ ನಗುವಿಗೆ ರೇಣು ಬಹಳ ನಾಚಿದಳು. ಸೊಕ್ಕಿನ ಮಾತು ಮುಚ್ಚಿಟ್ಟದ್ದಕ್ಕಲ್ಲ, ಅವ್ವನ ಆ ರಾಗದ ಕನ್ನಡ ಅಷ್ಟು ಜನ ಹುಡುಗಿಯರ ಕಿವಿಗೆ ಬಿದ್ದದ್ದಕ್ಕೆ.

ಕೊಂಡಿಯೊಳಗಿನ ಹೆಸರುಗಳೂ ಅದೇ ಕನ್ನಡದವು. ಒಂಬತ್ತು ವರ್ಷದ ಹಿಂದೆ ಒಬ್ಬಳೇ ಬರೆಯುವಾಗ, ಒಂದು ಕಡೆಯಿಂದ ಸಂಖ್ಯೆ ತೆಗೆದುಕೊಳ್ಳುವ ಕೆಲಸಕ್ಕೆ ‘ತಗೋ’ ಎಂದೂ, ಇನ್ನೊಂದು ಕಡೆಗೆ ಕೊಡುವುದಕ್ಕೆ ‘ಕೊಡು’ ಎಂದೂ, ತಪ್ಪಾದರೆ ನಿಲ್ಲಿಸುವುದಕ್ಕೆ ‘ಬ್ಯಾಡ’ ಎಂದೂ ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದಳು. ಯಾರು ನೋಡುತ್ತಾರೆ ಎಂದುಕೊಂಡಿದ್ದಳು. ಮೂರು ತಿಂಗಳ ಹಿಂದೆ ಯಾವುದೋ ದೇಶದ ಯಾರೋ ಒಬ್ಬ, ದೂರುಗಳನ್ನು ಬರೆಯುವ ಪುಟದಲ್ಲಿ, ಟ್ಯಾಗೋ, ಕೋಡು, ಬ್ಯಾಡಾ, ಇವು ನಿಮ್ಮ ಬೆಕ್ಕುಗಳ ಹೆಸರೇ ಎಂದು ಬರೆದ. ಕೆಳಗೆ ಜನ ನಗುವ ಮುಖಗಳನ್ನು ಅಂಟಿಸಿದರು. ಇಪ್ಪತ್ತಮೂರು ಮುಖ. ಕೆಟ್ಟದಾಗಿ ಬರೆದವರಲ್ಲ, ನಗಬೇಕೆನ್ನಿಸಿತು, ನಕ್ಕರು. ರೇಣುವಿಗೆ ಮಾತ್ರ ನಲವತ್ತೆರಡನೇ ವಯಸ್ಸಿನಲ್ಲಿ ಕಿವಿ ಕಾದವು. ಹೊಸ ಆವೃತ್ತಿಯಲ್ಲಿ ಸರಿಮಾಡುತ್ತೇನೆ, ಥ್ಯಾಂಕ್ಸ್ ಎಂದು ಉತ್ತರ ಬರೆದು, ಮುಂದೆ ಒಂದು ಆಶ್ಚರ್ಯಸೂಚಕವನ್ನೂ ಹಾಕಿದಳು. ಆ ಆಶ್ಚರ್ಯಸೂಚಕ ನೆನಪಾದಾಗಲೆಲ್ಲ ಮುಖ ತೊಳೆದುಕೊಳ್ಳಬೇಕೆನಿಸುತ್ತದೆ. ಒಂದೇ ತಿಂಗಳಲ್ಲಿ ಎಲ್ಲ ಹೆಸರನ್ನೂ ಇಂಗ್ಲಿಷಿಗೆ ತಿರುಗಿಸಿ ಒಂದು ಪಾಯಿಂಟ್ ಸೊನ್ನೆ ಎಂದು ಏರಿಸಿದಳು. ಅಷ್ಟಕ್ಕೇ ಬಿಟ್ಟಿದ್ದರೆ ಆಗಿತ್ತು. ಹಳೆಯವು ಅಲ್ಲೇ ಸಾಲಾಗಿ ಕೂತಿದ್ದವು, ಯಾರು ಬೇಕಾದರೂ ತೆರೆದು ನಗಬಹುದಿತ್ತು. ಭಾನುವಾರ ಕುಕ್ಕರಿನ ಎರಡನೇ ಸೀಟಿ ಆದ ಮೇಲೆ ಅವಳಿಗೆ ತಡೆಯಲಾಗಲಿಲ್ಲ. ಹಿಂಜವಾಡಿಯವರು ಯಾವ ಆವೃತ್ತಿ ಹಿಡಿದಿದ್ದಾರೆಂದು ಒಂದು ಮಾತು ಕೇಳಬೇಕಿತ್ತು. ಕೇಳಿದ್ದರೆ, ನಿಮಗೇಕೆ ಮೇಡಂ ಎಂದು ಅವರು ಕೇಳುತ್ತಿದ್ದರು.

ಮೀಟಿಂಗ್ ಕೋಣೆಯಲ್ಲಿ ಎಸಿ ಜೋರಾಗಿತ್ತು. ಪುನೀತ ನಿಂತಿದ್ದ, ನಿಖಿತಾ ಕೂತಿದ್ದಳು. ನಿಖಿತಾ ಇದನ್ನೆಲ್ಲ ಜೋಡಿಸಿದ ಎಂಜಿನಿಯರ್, ತುಮಕೂರಿನವಳು, ಬಾಣಂತನದ ರಜೆ ಮುಗಿಸಿ ಬಂದು ಆರು ತಿಂಗಳಾಗಿತ್ತು. ಗೋಡೆಯ ದೊಡ್ಡ ಪರದೆಯ ಮೇಲೆ ಅವಳ ಲ್ಯಾಪ್‌ಟಾಪು ಕಾಣುತ್ತಿತ್ತು, ಅದರಲ್ಲಿ ಕಪ್ಪು ಕಿಟಕಿ, ಕಿಟಕಿಯಲ್ಲಿ ಕೆಂಪು ಸಾಲು. ಕೊಂಡಿ ಸೊನ್ನೆ ಪಾಯಿಂಟ್ ಆರು ಎಂಬ ಆವೃತ್ತಿ ಎಲ್ಲೂ ಸಿಗಲಿಲ್ಲ. ಪ್ರತಿ ಸೋಮವಾರ ಹೊಸ ಯಂತ್ರದ ಮೇಲೆ ಎಲ್ಲವನ್ನೂ ಮೊದಲಿನಿಂದ ಕೂಡಿಸುವುದು ಅವರ ಪದ್ಧತಿಯಂತೆ, ಹಾಗಾಗಿ ಹಳೆಯದು ಎಲ್ಲಿಯೂ ಉಳಿದಿರಲಿಲ್ಲ. ನಿಖಿತಾ ಅದೇ ಸಾಲನ್ನು ಮತ್ತೆ ಬರೆದಳು, ಪಿಪ್ ಹೋಗಿ ಬರಿಗೈಯಲ್ಲಿ ಬಂತು. ರೇಣು ಪರದೆಯ ಮೇಲಿನ ತನ್ನ ಕೊಂಡಿಯ ಹೆಸರನ್ನು ನೋಡಿದಳು. ಗೋಡೆಯ ಮೇಲೆ ಅಷ್ಟು ದೊಡ್ಡ ಅಕ್ಷರದಲ್ಲಿ ಅದನ್ನು ಅವಳು ನೋಡಿದ್ದು ಅದೇ ಮೊದಲು. ಚೆನ್ನಾಗಿ ಕಾಣುತ್ತಿತ್ತು.

“ಹೊಸಾದು ಹಾಕಿದ್ರ ಆಗೂದಿಲ್ಲೇನ್ರಿ?” ಎಂದಳು. ಧ್ವನಿ ತನ್ನದಲ್ಲ ಎನ್ನಿಸಿತು.

“ಹೊಸದ್ರಲ್ಲಿ ಎಲ್ಲಾ ಫಂಕ್ಷನ್ ಹೆಸರೂ ಚೇಂಜ್ ಮೇಡಂ,” ಎಂದ ಪುನೀತ. “ಇವಳ ಕೋಡಲ್ಲಿ ಅರವತ್ತು ಕಡೆ ಹಳೇದಿದೆ. ನಾಲ್ಕು ಗಂಟೆ ಒಳಗೆ ತಿದ್ದಿ ಟೆಸ್ಟ್ ಮಾಡೋಕಾಗುತ್ತಾ? ಅದನ್ನೇ ಕೇಳ್ತಿದೀನಿ ಬೆಳಿಗ್ಗೆಯಿಂದ. ಎರಡು ತಿಂಗಳಾಯ್ತು ಒನ್ ಪಾಯಿಂಟ್ ಝೀರೋ ಬಂದು. ಯಾಕೆ ಹಳೇದಕ್ಕೆ ಅಂಟ್ಕೊಂಡು ಕೂತೆ ನಿಖಿತಾ? ಹೇಳು.”

“ಸ್ಟೇಬಲ್ ಇತ್ತು,” ಎಂದಳು ನಿಖಿತಾ.

“ಸ್ಟೇಬಲ್ ಇದ್ರೆ ಎಲ್ಲಿ ಹೋಯ್ತು? ಯಾರೋ ಆರ್‌ಟಿ ಅಂತೆ. ಮುಖ ಇಲ್ಲ, ಹೆಸರಿಲ್ಲ. ಅವನು ಯಾವನೋ ಕೂತ್ಕೊಂಡು ಬೇಜಾರಾಯ್ತು ಅಂತ ಡಿಲೀಟ್ ಮಾಡಿದ್ರೆ ನಾವು ಕ್ಲೈಂಟ್ ಮುಂದೆ ಬಾಯಿ ಬಿಡ್ಬೇಕು. ಒಂದು ಕಾಪಿ ಇಟ್ಕೊಬೇಕು ಅನ್ನೋ ಸೆನ್ಸ್ ಬೇಡ್ವಾ? ರಜೆಯಿಂದ ಬಂದ್ಮೇಲೆ ನಿನ್ನ ಗಮನ ಎಲ್ಲಿದೆ ಅಂತಾನೇ ನಂಗೆ ಗೊತ್ತಾಗ್ತಿಲ್ಲ. ಇವತ್ತು ಇದು ಆಗ್ಲಿಲ್ಲ ಅಂದ್ರೆ ಈ ಪ್ರಾಜೆಕ್ಟಿಂದ ನಿನ್ನ ತೆಗೀತೀನಿ. ಮೇಲ್ ಬರ್ದಿಟ್ಟಿದೀನಿ, ಕಳ್ಸೋದೊಂದು ಬಾಕಿ.”

ಹೊರಗಿನವರ ಮುಂದೆ ಇಷ್ಟು ಹೇಳಬೇಕಿರಲಿಲ್ಲ. ಶಿವರುದ್ರಪ್ಪನವರು ಮೇಜಿನ ಮೇಲಿದ್ದ ನೀರಿನ ಬಾಟಲಿಯ ಚೀಟಿ ಓದತೊಡಗಿದರು. ನಿಖಿತಾ ಮುಖ ಎತ್ತದೆ ಮತ್ತೆ ಆ ಸಾಲನ್ನೇ ಬರೆದಳು. ರೇಣುವಿಗೆ ಈಗ ಎಲ್ಲ ಗೊತ್ತಿತ್ತು. ಬಾಯಿ ಬಿಟ್ಟರೆ ಈ ಹುಡುಗಿ ಉಳಿಯುತ್ತಾಳೆ, ಬಿಡದಿದ್ದರೆ ಹೋಗುತ್ತಾಳೆ. ಅಷ್ಟು ಸರಳವಾಗಿದ್ದರೂ ಅವಳು ಲೆಕ್ಕ ಹಾಕುತ್ತ ಕೂತಳು. ಬಾತ್‌ರೂಮಿಗೆ ಹೋಗುತ್ತೇನೆಂದು ಹೇಳಿ, ಮನೆಗೆ ಫೋನು ಹಚ್ಚಿ, ಇಲ್ಲ, ಮನೆಯಲ್ಲಿ ಅವ್ವನಿಗೆ ಏನು ಹೇಳುವುದು. ತನ್ನ ಚೀಲದಲ್ಲಿಯೇ ಲ್ಯಾಪ್‌ಟಾಪಿತ್ತು, ಅದರಲ್ಲಿ ಹಳೆಯದೆಲ್ಲ ಭದ್ರವಾಗಿತ್ತು. ಕದ್ದು ಕೂತು ಸೊನ್ನೆ ಪಾಯಿಂಟ್ ಆರು ಪಾಯಿಂಟ್ ಒಂದು ಎಂದು ಏರಿಸಿಬಿಟ್ಟರೆ, ಅರೇ ಬಂತು ನೋಡಿ ಎಂದು ಇವರೇ ಹಿಗ್ಗುತ್ತಾರೆ, ಯಾರೂ ಯಾರನ್ನೂ ಕೇಳುವುದಿಲ್ಲ. ಆದರೆ ಅವನು ಯಾವನೋ ಎಂದ ಮಾತು ಹಾಗೆಯೇ ಉಳಿಯುತ್ತದೆ. ಅವನು! ಸೂಪರ್ ಆಗಿದೆ ಎಂದದ್ದೂ ಆ ಅವನಿಗೇ. ಬೇಜಾರಾಯಿತು ಎಂದು ಡಿಲೀಟ್ ಮಾಡಿದ ಆ ಅವನಿಗೆ ಪುನೀತ ಬೈದದ್ದು ಅವಳಿಗೆ ನಾಟಲಿಲ್ಲ, ಬೈಗುಳವೂ ಬೇರೊಬ್ಬನ ಪಾಲಾದದ್ದು ನಾಟಿತು. ಒಂಬತ್ತು ವರ್ಷ ಗುಟ್ಟಾಗಿ ಚಪ್ಪರಿಸಿದ್ದೆಲ್ಲ ಆ ಬೂದು ತಲೆಯವನ ಹೆಸರಿಗೆ ಜಮೆಯಾಗಿತ್ತು. ಹೀಗೆ ಲೆಕ್ಕ ಹಾಕುತ್ತ ಮುಕ್ಕಾಲು ಗಂಟೆ ಕೂತಳು. ಆ ಮುಕ್ಕಾಲು ಗಂಟೆಯಲ್ಲಿ ಪುನೀತ ಇನ್ನೂ ಎರಡು ಸಲ ರಜೆಯ ಮಾತೆತ್ತಿದ. ನಿಖಿತಾ ಒಮ್ಮೆ ಎದ್ದು ಹೊರಗೆ ಹೋಗಿ, ಮುಖ ತೊಳೆದುಕೊಂಡು ಬಂದಳು. ಕೊನೆಗೆ ಪುನೀತ ಫೋನು ಕೈಗೆತ್ತಿಕೊಂಡು, ಕಳಿಸ್ತಿದೀನಿ ಎಂದ.

“ತಡೀರಿ,” ಎಂದಳು ರೇಣು. “ಅದನ್ನ ಅಳಿಸಿದಾಕಿ ನಾನು.”

ಯಾರಿಗೂ ಅರ್ಥವಾಗಲಿಲ್ಲ. ಪುನೀತ, ಏನನ್ನ ಮೇಡಂ ಎಂದ.

“ಸೊನ್ನೆ ಪಾಯಿಂಟ್ ಆರು. ನಿನ್ನೆ ಮುಂಜಾನೆ. ಆರ್‌ಟಿ ಅಂದ್ರ ರೇಣುಕಾ ತಿಪ್ಪವ್ವ. ಅವನು ಅಲ್ರಿ, ನಾನು. ಈ ಹುಡುಗೀದೇನೂ ತಪ್ಪಿಲ್ಲ. ಹಿಂತೆಗೆದುಕೊಳ್ಳೂ ಗುಂಡಿ ಬಾಜೂಕ ಇತ್ತು, ನಾ ಅಳಸೂ ಗುಂಡೀನ ಒತ್ತೀನಿ. ಗೊತ್ತಿದ್ದ ಒತ್ತೀನಿ.”

ಶಿವರುದ್ರಪ್ಪನವರು ಬಾಟಲಿ ಕೆಳಗಿಟ್ಟರು. ವ್ಯವಹಾರದಲ್ಲಿ ತಮ್ಮ ಕಡೆಯವರು ಹೊರಗಿನವರ ಮುಂದೆ ತಪ್ಪೊಪ್ಪಿಕೊಳ್ಳುವುದನ್ನು ಅವರು ಎಂದೂ ಕಂಡವರಲ್ಲ, ಮುಖ ಕಪ್ಪಿಟ್ಟಿತ್ತು. “ಏನ್ ಮಾತಾಡಾಕತ್ತೀ ರೇಣು? ಇವರ ಲೈಬ್ರರಿ ನೀ ಹೆಂಗ ಅಳಸ್ತಿ? ನಿನ್ನ ಕೈಗೆ ಅದು ಹೆಂಗ ಬಂತು?”

“ಇವರದಲ್ರಿ ಸಾಹೇಬ್ರ. ಕೆಡಿಸಿದಾಕೀನೂ ನಾನ, ಮಾಡಿದಾಕೀನೂ ನಾನ.”

ಬೇಕಾದ್ದಕ್ಕಿಂತ ಜೋರಾಗಿ ಹೇಳಿದ್ದು ಅವಳಿಗೇ ಕೇಳಿಸಿತು. ಗಾಜಿನ ಆಚೆ ಹೋಗುತ್ತಿದ್ದ ಇಬ್ಬರು ತಿರುಗಿ ನೋಡಿದರು. ತಪ್ಪೊಪ್ಪಿಕೊಂಡವಳು ತಲೆ ತಗ್ಗಿಸಬೇಕು, ಅದು ಅವಳಿಗೆ ಗೊತ್ತಿತ್ತು, ಆದರೆ ಕತ್ತು ಬಗ್ಗಲಿಲ್ಲ. ಎದೆ ಉಬ್ಬಿತ್ತು. ನಾಚಿಕೆಗೆಟ್ಟ ಹೆಮ್ಮೆ, ಅದೂ ಇಂಥ ಹೊತ್ತಿನಲ್ಲಿ. ಪುನೀತ ಅವಳನ್ನೂ ಗೋಡೆಯ ಮೇಲಿನ ಹೆಸರನ್ನೂ ಎರಡು ಸಲ ನೋಡಿ, ನಂಬಲೋ ಬೇಡವೋ ಎಂಬಂತೆ ಪಕ್ಕದ ಕುರ್ಚಿ ಎಳೆದುಕೊಟ್ಟ. ರೇಣು ಚೀಲದಿಂದ ಲ್ಯಾಪ್‌ಟಾಪು ತೆಗೆದಳು. ಅದರ ಮುಚ್ಚಳಕ್ಕೆ ಕಾರ್ಖಾನೆಯ ಗಿಯರಿನ ಸ್ಟಿಕ್ಕರಿತ್ತು, ಸವೆದ ಕೀಲಿಗಳಲ್ಲಿ ಎರಡರ ಮೇಲೆ ಅಕ್ಷರವೇ ಇರಲಿಲ್ಲ. ಹಳೆಯ ಸಂಖ್ಯೆ ಮತ್ತೆ ಸಿಗುವುದಿಲ್ಲ, ಅದು ಹೋಯಿತು ಎಂದರೆ ಹೋಯಿತು. ಒಂದು ಹೆಚ್ಚಿಸಿ ಬರೆಯಬೇಕು. ಯಾಕೆ ಬದಲಾಯಿತೆಂದು ಹೇಳುವ ಜಾಗದಲ್ಲಿ ಅವಳು ಸ್ವಲ್ಪ ತಡೆದು, ಹಿಂದಿನದನ್ನು ನಾನು ನಾಚಿಕೆಯಿಂದ ಅಳಿಸಿದೆ, ಅದು ತಪ್ಪು ಎಂದು ಇಂಗ್ಲಿಷಿನಲ್ಲಿ ಬರೆದಳು. ಆಶ್ಚರ್ಯಸೂಚಕ ಹಾಕಲಿಲ್ಲ. ಬರೆದವರು ಯಾರು ಎಂಬಲ್ಲಿ ಆರ್‌ಟಿ ತೆಗೆದು ಪೂರ್ತಿ ಹೆಸರು ಹಾಕಿದಳು. ಏರಿಸುವ ಸಾಲು ಬರೆದು ಎಂಟರ್ ಒತ್ತಿದಳು.

ನಿಖಿತಾ ತನ್ನ ಪಟ್ಟಿಯಲ್ಲಿ ಸಂಖ್ಯೆಯೊಂದನ್ನು ತಿದ್ದಿ ಪಿಪ್‌ಗೆ ಹೇಳಿದಳು. ಈ ಸಲ ಅದು ಹೋಗಿ ತಂದಿತು, ಕೂಡಿಸಿತು. ಗೋಡೆಯ ಮೇಲೆ ಗಿಯರಿನ ಚಿತ್ರ ಮೂಡಿ ತಿರುಗತೊಡಗಿತು, ಶ್ರೀಕಂಠಯ್ಯನವರ ಅಂಕೆಗಳು ಒಂದೊಂದಾಗಿ ಬಂದು ತಮ್ಮ ತಮ್ಮ ಜಾಗದಲ್ಲಿ ಕೂತವು. ಎರಡು ಗಂಟೆ ಹತ್ತು ನಿಮಿಷ. ಪುನೀತ ಬರೆದಿಟ್ಟಿದ್ದ ಈಮೇಲನ್ನು ಅಳಿಸಿ, ಸಾರಿ ಎಂದು ಯಾರಿಗೋ ಹೇಳಿದ, ಯಾರಿಗೆಂದು ಅವನಿಗೂ ಸ್ಪಷ್ಟವಿರಲಿಲ್ಲ. ಶಿವರುದ್ರಪ್ಪನವರು, “ಊಟಾ ಮಾಡೂಣಲ್ಲಾ,” ಎಂದು ಎದ್ದು, ಪುನೀತನ ಹೆಗಲ ಮೇಲೆ ಕೈ ಹಾಕಿ ಹೊರಗೆ ನಡೆದರು. “ನಮ್ಮ ಹುಡುಗಿ ರೀ ಅಕಿ. ಹದಿನಾರು ವರ್ಷಾತು ನಮ್ಮಲ್ಲೇ ಅದಾಳ,” ಎಂದು ಹೇಳುತ್ತಿದ್ದದ್ದು ಕೇಳಿಸಿತು.

ಕೋಣೆಯಲ್ಲಿ ಇಬ್ಬರೇ ಉಳಿದರು. ರೇಣು ಏನೋ ಒಂದು ಒಳ್ಳೆಯ ಮಾತನ್ನು ನಿರೀಕ್ಷಿಸಿದಳು. ನಿರೀಕ್ಷಿಸಿದ್ದು ತನಗೇ ಅಸಹ್ಯವಾಯಿತು. ನಿಖಿತಾ ವೈರನ್ನು ಕಿತ್ತು ಸುತ್ತಿದಳು, ಸುತ್ತಿದ್ದನ್ನು ಬಿಚ್ಚಿ ಮತ್ತೆ ಸುತ್ತಿದಳು.

“ಮುಕ್ಕಾಲು ಗಂಟೆ ಸುಮ್ನೆ ಕೂತಿದ್ರಲ್ಲ ಮೇಡಂ,” ಎಂದಳು. “ಅವರು ನನ್ನ ಮಗೂ ವಿಷ್ಯ ಎಲ್ಲಾ ಎಳೆದ್ರು. ನೀವು ಎದುರಿಗೇ ಇದ್ರಿ.”

“ಹೌದವಾ, ಕೂತಿದ್ದೆ.”

“ಯಾಕೆ ಅಳಿಸಿದ್ರಿ?”

“ಆ ಹೆಸರು. ತಗೋ, ಕೊಡು, ಬ್ಯಾಡ. ಮಂದಿ ನಗಾಕತ್ತಿದ್ರು. ನನಗ ನಾಚಿಕಿ ಆತು.”

ನಿಖಿತಾ ಅವಳನ್ನು ದಿಟ್ಟಿಸಿದಳು. ಕಣ್ಣು ಇನ್ನೂ ಕೆಂಪಗಿತ್ತು, ಸಿಟ್ಟು ಹೋಗಿರಲಿಲ್ಲ. “ಹೊಸದಕ್ಕೆ ಯಾಕೆ ಹೋಗ್ಲಿಲ್ಲ ಅಂತ ಪುನೀತ್ ಬೆಳಿಗ್ಗೆಯಿಂದ ಕೇಳಿದ್ರು. ಏನಂತ ಹೇಳ್ಲಿ ಮೇಡಂ ನಾನು? ಮೊದಲನೇ ದಿನ ಅದನ್ನ ತೆಗೆದು ಓದ್ದಾಗ ತಗೋ, ಕೊಡು ಅಂತಿತ್ತು. ಇಡೀ ಫೈಲು ಯಾರೋ ನಮ್ಮೋರು ಪಕ್ಕದಲ್ಲಿ ಕೂತು ಮಾತಾಡ್ದ ಹಾಗಿತ್ತು. ಮಗೂನ ಬಿಟ್ಟು ಬಂದು ಈ ಕುರ್ಚಿ ಮೇಲೆ ಕೂತಿದ್ದ ಮೊದಲನೇ ವಾರ ಅದು. ಹೊಸದ್ರಲ್ಲಿ ಅದೆಲ್ಲಾ ಹೋಗಿತ್ತು. ಅದಕ್ಕೇ ಬಿಡ್ಲಿಲ್ಲ.”